ದಿನ ಮುಂದಕ್ಕೆ ಹಾಕುವ ಮಾತ್ರೆ

ನಮ್ಮ ಪದ್ಯಗಳಲ್ಲಿ ರಕ್ತಕ್ಕೆ ಬರವಿಲ್ಲ. ಬೆವರಿನ ಪಕ್ಕದಲ್ಲಿ ಅದು ಬಂದು ಕೂರದಿದ್ದರೆ ಪದ್ಯ ಮುಗಿಯುವುದೇ ಇಲ್ಲ. ಜೀತದವನ ರಕ್ತ, ಲಾಠಿ ಏಟಿನ ರಕ್ತ, 2000ನೇ ಇಸವಿಯ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಬೆಂದುಹೋದ ಏಳು ಜನರ ರಕ್ತ. ಬರೆಯಬೇಕಾದ್ದೇ. ಬರೆಯದಿದ್ದರೆ ನಾವು ಅಕ್ಷರ ಕಲಿತದ್ದಾದರೂ ಯಾತಕ್ಕೆ? ಆದರೆ ಒಂದು ರಕ್ತ ಮಾತ್ರ ನಮ್ಮ ಪದ್ಯದ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ಅದು ನಮ್ಮ ಅವ್ವಂದಿರು, ಅಕ್ಕತಂಗಿಯರು ತಿಂಗಳು ತಿಂಗಳೂ ಸುರಿಸುವ ರಕ್ತ. ಅದನ್ನು ಹೊರಗಿಟ್ಟವರು ಪುರೋಹಿತರು ಅಂತ ನಾವು ಭಾಷಣ ಮಾಡುತ್ತೇವೆ. ನಾವೂ ಅದನ್ನು ಹೊರಗೇ ಇಟ್ಟಿದ್ದೇವೆ.

ಕಳೆದ ಸಲ ಸಂಘಟನೆಯ ಸಭೆಯಲ್ಲಿ ಈ ವಿಷಯ ಮಾತಾಡುತ್ತೇನೆ ಅಂದೆ. ಹಿರಿಯರೊಬ್ಬರು ನಕ್ಕು, "ಇದು ಆಸ್ಪತ್ರೆ ವಿಷಯ ಕಣಮ್ಮ, ನಾವು ಮೊದಲು ಭೂಮಿ ವಿಷಯ ಮಾತಾಡೋಣ" ಅಂದರು. "ಮಹದೇವಪುರದಲ್ಲಿ ಭೂಮಿ ಎಲ್ಲಿದೆ ಅಣ್ಣ, ತೋರಿಸಿ, ಮಾತಾಡೋಣ" ಅಂದೆ. ಸಭೆಯಲ್ಲಿ ಹಿಂದೆ ಕೂತಿದ್ದ ಹೆಂಗಸರು ನಕ್ಕರು. ಆಮೇಲೆ ಮಾತಾಡೋಕೆ ಬಿಟ್ಟರು. ಅಲ್ಲಿ ಹೇಳಿದ್ದನ್ನೂ ಹೇಳಲಾಗದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರನ್ನು ಹೊರಗಿನವರು ಗಾಜಿನ ಕಟ್ಟಡಗಳಿಂದ ಗುರುತಿಸುತ್ತಾರೆ. ಐ.ಟಿ.ಪಿ.ಎಲ್., ಹೂಡಿ, ಗರುಡಾಚಾರ್ ಪಾಳ್ಯ, ರಿಂಗ್ ರೋಡು. ನಮ್ಮಜ್ಜಿ ರಾಗಿ ಕೊಯ್ಯಲು ಕೂಲಿಗೆ ಹೋಗುತ್ತಿದ್ದ ಹೊಲಗಳ ಮೇಲೆ ಈಗ ಲಿಫ್ಟು ಓಡಾಡುತ್ತವೆ. 2007ರವರೆಗೆ ಇದು ಬೇರೆಯೇ ನಗರಸಭೆ, ಆಮೇಲೆ ಬೆಂಗಳೂರಿನ ಹೊಟ್ಟೆಯೊಳಗೆ ಹೋಯಿತು. ವಿಧಾನಸಭೆಗೆ ಇದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಐ.ಟಿ. ಕಂಪನಿಯವರಿಗೆ ಈ ಸಂಗತಿ ಹೇಳಿದರೆ ಹುಬ್ಬೇರಿಸುತ್ತಾರೆ. ಆ ಕಟ್ಟಡಗಳ ನೆಲ ಒರೆಸುವವರು, ಕಕ್ಕಸು ತೊಳೆಯುವವರು, ಅಪಾರ್ಟ್‌ಮೆಂಟಿನ ಪಾತ್ರೆ ಬೆಳಗುವವರು, ಗಾರ್ಮೆಂಟಿನಲ್ಲಿ ಕಾಲರು ಹೊಲಿಯುವವರು ನಮ್ಮ ಕೇರಿಯವರು. ಜೊತೆಗೆ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವರು. ಇವರೆಲ್ಲರ ಪರ್ಸಿನಲ್ಲಿ, ಚಿಲ್ಲರೆ ಕಾಸಿನ ಜೊತೆ, ನಾಲ್ಕೋ ಆರೋ ಮಾತ್ರೆ ಇರುವುದನ್ನು ನಾನು ನೋಡಿದ್ದೇನೆ. ಪೂರ್ತಿ ಹಾಳೆ ಅಲ್ಲ. ಕತ್ತರಿಯಲ್ಲಿ ಕತ್ತರಿಸಿದ ತುಂಡು.

ಆ ಕತ್ತರಿಯ ಬಗ್ಗೆ ಒಂದು ಮಾತು. ಮೆಡಿಕಲ್ ಸ್ಟೋರಿನ ಮುಂದೆ ನಿಂತು, ಗಂಡಸರು ಸರಿದ ಮೇಲೆ, ತಗ್ಗಿದ ದನಿಯಲ್ಲಿ "ಅಣ್ಣ, ಡೇಟ್ ಮುಂದಕ್ಕೋಗೋ ಮಾತ್ರೆ ಕೊಡಣ್ಣ, ಮೂರು ದಿನಕ್ಕೆ" ಅನ್ನುತ್ತಾರೆ. ಅವನು ಕೇಳುವುದು ಎಷ್ಟು ಅಂತ ಮಾತ್ರ. ಹಾಳೆಯಿಂದ ಕತ್ತರಿಸಿ ಕೊಡುತ್ತಾನೆ. ಆ ಕತ್ತರಿಗೆ ಸಿಕ್ಕಿ ಮಾತ್ರೆಯ ಹೆಸರು ಒಂದು ಕಡೆ ಹೋಗುತ್ತದೆ, ಮುಗಿಯುವ ತಾರೀಕು ಇನ್ನೊಂದು ಕಡೆ ಹೋಗುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಸಾರುವ ಕೆಂಪು ಗೆರೆ ಅಂಗಡಿಯ ಡ್ರಾಯರಿನಲ್ಲೇ ಉಳಿಯುತ್ತದೆ. ಹೆಣ್ಣಿನ ಕೈಗೆ ಬರುವುದು ಹೆಸರಿಲ್ಲದ ಒಂದು ಬಿಳಿ ಗುಳಿಗೆ. ಹೆಸರಿಲ್ಲದ ವಸ್ತುವಿನ ಬಗ್ಗೆ ಡಾಕ್ಟರ ಹತ್ತಿರ ಏನು ಹೇಳುತ್ತಾಳೆ ಅವಳು? "ಬಿಳೀದು, ಸಣ್ಣದು."

ಅದರ ಹೆಸರು ನಾರ್‌ಎಥಿಸ್ಟರಾನ್. ಮೇಷ್ಟ್ರುಗಳು ದಯವಿಟ್ಟು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಕಂಪನಿಗೊಂದು ಹೆಸರಿಟ್ಟು ಮಾರುತ್ತಾರೆ, ಒಳಗಿರುವುದು ಇದೇ, ಸಾಮಾನ್ಯವಾಗಿ 5 ಮಿಲಿಗ್ರಾಂ.

ಇದನ್ನು ಯಾಕೆ ನುಂಗುತ್ತಾರೆ ಅಂತ ಕೇಳಿದರೆ ಓದಿದವರು "ಮೂಢನಂಬಿಕೆ" ಅಂದುಬಿಡುತ್ತಾರೆ. ಅಷ್ಟು ಸಲೀಸಲ್ಲ. ದೇವರಿಗೆ ಹೆದರಿ ನುಂಗುವವರು ಇದ್ದಾರೆ. ವರಮಹಾಲಕ್ಷ್ಮಿ, ಊರಹಬ್ಬ, ಅಣ್ಣನ ಮಗನ ಮದುವೆ, ಗೃಹಪ್ರವೇಶ. ಓಂ ಶಕ್ತಿ ಮಾಲೆ ಹಾಕಿ ಕೆಂಪು ಸೀರೆ ಉಟ್ಟು ಮೇಲ್ಮರುವತ್ತೂರಿಗೆ ಹೋಗುವಾಗ ನಮ್ಮ ಬೀದಿಯಲ್ಲಿ ಈ ಮಾತ್ರೆಯದೇ ಮಾತು. ತಮಾಷೆ ಏನೆಂದರೆ, ಮೇಲ್ಮರುವತ್ತೂರಿನ ಆ ಗುಡಿಯಲ್ಲಿ ಮುಟ್ಟಾದ ಹೆಂಗಸರನ್ನೂ ಒಳಗೆ ಬಿಡುತ್ತಾರೆ. ದೇವತೆಯ ಅಭ್ಯಂತರವಿಲ್ಲದ ಕಡೆಗೂ ನಾವು ಮಾತ್ರೆ ನುಂಗಿ ಬಸ್ಸು ಹತ್ತುತ್ತೇವೆ. 12ನೇ ಶತಮಾನದಲ್ಲೇ ಶರಣರು ಪಂಚಸೂತಕಗಳಿಲ್ಲ ಅಂದರು, ಅದರಲ್ಲಿ ಮುಟ್ಟಿನ ಸೂತಕವೂ ಸೇರಿತ್ತು. ಆದರೇನು, ಇವತ್ತಿಗೂ ಕಾಡುಗೊಲ್ಲರ ಹಟ್ಟಿಗಳಲ್ಲಿ ಹೆಂಗಸರನ್ನು ಊರಾಚೆ ಕೂರಿಸುವ ಸುದ್ದಿ ಬರುತ್ತಲೇ ಇದೆ.

ಆದರೆ ದೇವರಿಗಿಂತ ಹೆಚ್ಚಾಗಿ ಕೂಲಿಗೆ ಹೆದರಿ ನುಂಗುವವರೇ ನಮ್ಮಲ್ಲಿ ಜಾಸ್ತಿ. ಪಕ್ಕದ ಮನೆ ಚಿಕ್ಕಮ್ಮ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡಿಗೆ ಮಾಡುತ್ತಾಳೆ. ಜಾತಿ ಕೇಳಿದಾಗ ಬೇರೆ ಹೇಳಿ ಸೇರಿದ್ದಾಳೆ, ಹೊಟ್ಟೆಪಾಡು. ಆ ಮನೆಯವರು ತಿಂಗಳಲ್ಲಿ ಮೂರು ದಿನ ಅಡಿಗೆಮನೆಗೆ ಬರಬೇಡ ಅನ್ನುತ್ತಾರೆ, ಮೂರು ದಿನದ ಸಂಬಳ ಹಿಡಿಯುತ್ತಾರೆ. "ಒಂದು ಮುಟ್ಟು ಮುಚ್ಚಿಟ್ಟಾಗದೆ, ಇನ್ನೊಂದು ಮುಟ್ಟೂ ಮುಚ್ಚಿಡೋಕೆ ಮಾತ್ರೆ" ಅಂತ ಅವಳೇ ನಗುತ್ತಾಳೆ. ಆ ನಗು ಕೇಳಿಸಿಕೊಂಡವರು ಯಾರೂ ಅವಳಿಗೆ ಮೂಢನಂಬಿಕೆಯ ಪಾಠ ಹೇಳುವುದಿಲ್ಲ.

ಗಾರ್ಮೆಂಟಿನಲ್ಲಿ ಇನ್ನೊಂದು ಲೆಕ್ಕ. ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದಿರುತ್ತದೆ. ಕಕ್ಕಸಿಗೆ ಎದ್ದರೆ ಲೈನು ನಿಲ್ಲುತ್ತದೆ. ಅದಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಮುಟ್ಟಾದಾಗ ಬಟ್ಟೆ ಬದಲಿಸಲು ಎರಡು ಸಲ ಏಳಬೇಕು, ಸೂಪರ್‌ವೈಸರ್ ಎಲ್ಲರೆದುರು ಕೂಗುತ್ತಾನೆ. ಶಿಪ್‌ಮೆಂಟು ಹತ್ತಿರ ಬಂತೆಂದರೆ ಮಾತ್ರೆ ಬರುತ್ತದೆ. 2016ರ ಏಪ್ರಿಲಿನಲ್ಲಿ ಪಿ.ಎಫ್. ದುಡ್ಡಿಗಾಗಿ ಬೆಂಗಳೂರಿನ ರಸ್ತೆಗಿಳಿದು ಎರಡು ದಿನದಲ್ಲಿ ಕೇಂದ್ರ ಸರ್ಕಾರದ ಕಾನೂನನ್ನು ಹಿಂದಕ್ಕೆ ಕಳಿಸಿದ್ದು ಇದೇ ಹೆಂಗಸರು. ಇಂಥವರು ಒಂದು ಕಕ್ಕಸಿನ ಬಾಗಿಲ ಮುಂದೆ ಸೋಲುತ್ತಾರೆ.

ಈಗ ನಮ್ಮಕ್ಕನ ಕಥೆ.

ಅಕ್ಕನಿಗೆ ಮೂವತ್ತೊಂದು. ಎರಡು ಮಕ್ಕಳು, ಆಪರೇಷನ್ ಆಗಿದೆ. ಹದಿಮೂರು ವರ್ಷದಿಂದ ಟೈಲರು. ನಾನು ಬಿ.ಎ. ಓದಿದ್ದು ಅವಳ ಓವರ್‌ಟೈಮಿನಲ್ಲಿ. ಒಂದು ವರ್ಷ ಮಾಗಿಯಲ್ಲಿ ಓಂ ಶಕ್ತಿಗೆ ಮಾತ್ರೆ ತಗೊಂಡಳು, ಮರುತಿಂಗಳು ಶಿಪ್‌ಮೆಂಟಿಗೆ ತಗೊಂಡಳು, ಅದರ ಮರುತಿಂಗಳು ನಾದಿನಿ ಮದುವೆಗೆ ತಗೊಂಡಳು. ಪ್ರತಿ ಸಲವೂ ಬೇರೆ ಬೇರೆ ಲೆಕ್ಕ. ಒಂದು ಸಲ ದಿನಕ್ಕೆ ಎರಡು, ಒಂದು ಸಲ ನೆನಪಾದಾಗ ಒಂದು. ಆಮೇಲೆ ಹೋಗುವುದು ಶುರುವಾಯಿತು, ನಿಲ್ಲಲಿಲ್ಲ. ಐದು ದಿನ, ಹತ್ತು ದಿನ, ಇಪ್ಪತ್ತು ದಿನ. ಕಣ್ಣಿನ ಕೆಳಗೆ ಬೆಳ್ಳಗಾಯಿತು, ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತಿತ್ತು. ರಜೆ ಹಾಕಿಲ್ಲ. ಗಡ್ಡೆ ಗಡ್ಡೆಯಾಗಿ ಹೋಗುತ್ತಿದ್ದರೂ ಎರಡು ಬಟ್ಟೆ ಇಟ್ಟುಕೊಂಡು ಮಷೀನಿಗೆ ಕೂತಳು.

ಮೊದಲು ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದಳು. ಅಲ್ಲಿ ಒಂದು ಸ್ಕ್ಯಾನ್ ಮಾಡಿ, "ಮಕ್ಕಳಾಗಿವೆಯಲ್ಲಾ, ಇನ್ನು ಗರ್ಭಕೋಶ ಇಟ್ಕೊಂಡು ಏನು ಮಾಡ್ತೀಯ, ತೆಗೆಸಿಬಿಡು, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ" ಅಂದರು. ಯಾವ ಮಾತ್ರೆ ತಗೊಂಡಿದ್ದೆ ಅಂತ ಒಬ್ಬರೂ ಕೇಳಲಿಲ್ಲ. ದುಡ್ಡು ಎಷ್ಟಾಗುತ್ತದೆ ಅಂತ ಮಾತ್ರ ವಿವರವಾಗಿ ಹೇಳಿದರು. ಭಾವ ಬಡ್ಡಿಗೆ ದುಡ್ಡು ಹುಡುಕಲು ಹೊರಟಿದ್ದ.

ಆ ಮಾತು ನನಗೆ ಹೊಸದಾಗಿ ಕೇಳಲಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಕೇರಿಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಸಾಲಾಗಿ ತೆಗೆದುಹಾಕಿದ್ದು 2015ರಲ್ಲಿ ಬೆಳಕಿಗೆ ಬಂತು. ಬಹುಪಾಲು ಲಂಬಾಣಿಗರು, ದಲಿತರು. ಮೂವತ್ತು ದಾಟದವರೂ ಇದ್ದರು. ಆ ಹೆಂಗಸರೇ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ಪ್ರತಿಭಟನೆ ಮಾಡಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರದೂ ಇದೇ ಪಾಡು, ಅಲ್ಲಿ ಮುಟ್ಟಾದರೆ ಕೂಲಿ ತಪ್ಪುತ್ತದೆ ಅಂತಲೇ ಗರ್ಭಕೋಶ ತೆಗೆಸಿಕೊಂಡರು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು. ತೀರ್ಪಿನ ಪ್ರತಿ ನರ್ಸಿಂಗ್ ಹೋಮಿನ ಗೋಡೆಗೆ ಅಂಟಿಸಿದ್ದನ್ನು ನಾನಂತೂ ಕಂಡಿಲ್ಲ.

ಭಾವನನ್ನು ತಡೆದು ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತವರಿಗೆ ಹನ್ನೊಂದೂವರೆಗೆ ಡಾಕ್ಟರು ಸಿಕ್ಕರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬೀದರ್ ಕಡೆ ಮಾತು. ಮೊದಲು ಕೇಳಿದ್ದೇ, "ಏನೇನ್ ಗುಳಿಗಿ ತಗೊಂಡೀರಿ? ನಾಚಬ್ಯಾಡ್ರಿ, ಎಲ್ಲಾ ಹೇಳ್ರಿ." ಆಮೇಲೆ ಒಂದೊಂದೇ ಪ್ರಶ್ನೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಯಾವತ್ತಾದರೂ? ಮನೆಯಲ್ಲಿ ಯಾರಿಗಾದರೂ? ಲಕ್ವ, ಎದೆನೋವು? ಕಾಮಾಲೆ? ಎದೆಯಲ್ಲಿ ಗಂಟು? ತಲೆನೋವು ಬರುವ ಮುಂಚೆ ಕಣ್ಣಮುಂದೆ ಮಿಂಚು ಬರುತ್ತದಾ? ಬಿ.ಪಿ.? ಹೊಗೆಸೊಪ್ಪು, ಬೀಡಿ? ಟಿ.ಬಿ. ಮಾತ್ರೆ, ಫಿಟ್ಸ್ ಮಾತ್ರೆ? ಆಪರೇಷನ್ ಆಗಿದ್ದರೂ ಬಸಿರಿನ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಏಳರ ಹತ್ತಿರ ಇತ್ತು, ಹನ್ನೆರಡಿರಬೇಕಾದ್ದು. ಥೈರಾಯ್ಡು ನೋಡಿದರು, ಸ್ಕ್ಯಾನು ಮತ್ತೆ ನೋಡಿದರು. ಕೊನೆಗೆ ಬರೆದುಕೊಟ್ಟದ್ದು ಏನು ಗೊತ್ತೆ?

ಅದೇ ಮಾತ್ರೆ. ನಾರ್‌ಎಥಿಸ್ಟರಾನ್, 5 ಮಿಲಿಗ್ರಾಂ, ದಿನಕ್ಕೆ ಮೂರು, ಹತ್ತು ದಿನ. ಜೊತೆಗೆ ಕಬ್ಬಿಣಾಂಶದ ಮಾತ್ರೆ.

ಅಕ್ಕ ಚೀಟಿ ನೋಡಿ ಹೆದರಿಬಿಟ್ಟಳು. "ಇದರಿಂದಲೇ ಅಲ್ವಾ ಮೇಡಂ ಆಗಿದ್ದು?" ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದರು. ಹೇಳಿದ್ದು ಅವರ ಮಾತಿನಲ್ಲಿ, ನಾನು ನಮ್ಮ ಕೇರಿಯ ಮಾತಿಗೆ ತಿರುಗಿಸಿಕೊಂಡೆ. ಹಬ್ಬಕ್ಕೆ ನಾವು ನೆಲ ಸಾರಿಸುತ್ತೇವಲ್ಲ, ಹಾಗೆ ಗರ್ಭಕೋಶ ಪ್ರತಿ ತಿಂಗಳೂ ಒಳಗಡೆ ಒಂದು ಪದರ ಸಾರಿಸಿಕೊಳ್ಳುತ್ತದೆ, ಕೂಸು ಬಂದರೆ ಮಲಗಲಿ ಅಂತ. ಆ ಪದರವನ್ನು ಉದುರದಂತೆ ಹಿಡಿದು ನಿಲ್ಲಿಸುವುದು ಮೈಯೊಳಗಿನ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು. ಕೂಸು ಬರಲಿಲ್ಲ ಅಂದರೆ ಹಾರ್ಮೋನು ಇಳಿಯುತ್ತದೆ, ಪದರ ಕಳಚುತ್ತದೆ, ಅದೇ ಮುಟ್ಟು. ಈ ಮಾತ್ರೆ ಆ ಹಾರ್ಮೋನಿನ ಕೆಲಸವನ್ನು ಹೊರಗಿನಿಂದ ಮಾಡುತ್ತದೆ. ನುಂಗುವಷ್ಟು ದಿನ ಪದರ ನಿಲ್ಲುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಕಳಚುತ್ತದೆ. ನೆನಪಾದಾಗ ಒಂದು, ಮರೆತಾಗ ಇಲ್ಲ ಅಂತ ನುಂಗಿದರೆ ಪದರಕ್ಕೆ ನಿಲ್ಲಬೇಕೋ ಉದುರಬೇಕೋ ಗೊತ್ತಾಗುವುದಿಲ್ಲ. ಅಷ್ಟಿಷ್ಟೇ ಉದುರುತ್ತಾ ಇರುತ್ತದೆ. ಈಗ ಹತ್ತು ದಿನ ತಪ್ಪದೆ ತೆಗೆದುಕೊಂಡರೆ ಪದರ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಒಂದೇ ಸಲಕ್ಕೆ ಹೋಗುತ್ತದೆ. "ಹತ್ತು ದಿನ ಆದ ಮ್ಯಾಲೆ ಮತ್ತೆ ಬ್ಲೀಡಿಂಗ್ ಆಗ್ತದ, ಅದು ಮುಟ್ಟು, ಹೆದರಿ ಮತ್ತೆ ಗುಳಿಗಿ ಸುರು ಮಾಡಬ್ಯಾಡ್ರಿ" ಅಂತ ಎರಡು ಸಲ ಹೇಳಿದರು.

ಹಾಗೇ ಆಯಿತು. ಮೂರನೇ ದಿನಕ್ಕೆ ನಿಂತಿತು. ಮಾತ್ರೆ ಮುಗಿದ ಮೇಲೆ ಬಂತು, ಐದು ದಿನಕ್ಕೆ ನಿಂತಿತು. ಮುಂದಿನ ಮೂರು ತಿಂಗಳು, ಮುಟ್ಟಾದ ದಿನವನ್ನು ಒಂದು ಅಂತ ಎಣಿಸಿ ಹತ್ತೊಂಬತ್ತನೇ ದಿನದಿಂದ ಇಪ್ಪತ್ತಾರನೇ ದಿನದವರೆಗೆ ದಿನಕ್ಕೆರಡು ತೆಗೆದುಕೊಳ್ಳಲು ಹೇಳಿದ್ದರು. ಅಕ್ಕ ಮಗನ ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಎಣಿಸಿದಳು. ಅವಳ ಗರ್ಭಕೋಶ ಅವಳ ಹೊಟ್ಟೆಯಲ್ಲೇ ಇದೆ. ಭಾವನ ಬಡ್ಡಿ ಸಾಲ ತಪ್ಪಿತು.

ಅಂಗಡಿಯ ಮಾತ್ರೆಗೂ ಆಸ್ಪತ್ರೆಯ ಮಾತ್ರೆಗೂ ಇದ್ದ ವ್ಯತ್ಯಾಸ ಹದಿನೈದು ಪ್ರಶ್ನೆಗಳು. ಆ ಪ್ರಶ್ನೆಗಳು ನಮ್ಮ ಹೆಂಗಸರ ಬಾಯಿಪಾಠ ಆಗಬೇಕು ಅಂತ ನಾನು ಹಟ ಹಿಡಿದಿರುವುದು. ಅದಕ್ಕೇ ಒಂದೊಂದಕ್ಕೂ ಕಾರಣ ಕೇಳಿ ತಿಳಿದುಕೊಂಡೆ.

ಈ ಮಾತ್ರೆ ಮೈಯೊಳಗೆ ಹೋದಾಗ ಅದರಲ್ಲಿ ಸ್ವಲ್ಪ ಭಾಗ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ದಿನಕ್ಕೆ ಮೂರರಂತೆ ತೆಗೆದುಕೊಳ್ಳುವಾಗ ಅದು ಲೆಕ್ಕಕ್ಕೆ ಬರುವಷ್ಟಿರುತ್ತದೆ. ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಎಲ್ಲರಿಗೂ ಹೆಪ್ಪುಗಟ್ಟುವುದಿಲ್ಲ, ನೂರಾರು ಜನಕ್ಕೆ ಏನೂ ಆಗುವುದಿಲ್ಲ, ಅದಕ್ಕೇ "ನಂಗೇನೂ ಆಗಲಿಲ್ಲ, ನೀನೂ ತಗೋ" ಅನ್ನುವ ಮಾತು ಬೀದಿಯಲ್ಲಿ ಓಡುತ್ತದೆ. ಆದರೆ ಮೊದಲೇ ಹೆಪ್ಪುಗಟ್ಟಿದ್ದವರಿಗೆ, ಲಕ್ವ ಅಥವಾ ಹೃದಯಾಘಾತ ಆದವರಿಗೆ, ಮಿಂಚು ಕಂಡು ತಲೆನೋವು ಬರುವವರಿಗೆ, ಈಲಿ ಕೆಟ್ಟವರಿಗೆ, ಸ್ತನದ ಕ್ಯಾನ್ಸರ್ ಇದ್ದವರಿಗೆ ಇದು ಕೂಡದು. ಬಸುರಿಯರಿಗೂ ಕೂಡದು. ಯಾಕೆ ಹೋಗುತ್ತಿದೆ ಅಂತ ಗೊತ್ತಿಲ್ಲದ ರಕ್ತಸ್ರಾವಕ್ಕೆ, ಡಾಕ್ಟರು ಪರೀಕ್ಷೆ ಮಾಡುವ ಮುಂಚೆ ನಾವೇ ನುಂಗಬಾರದು. ಹಾಲೂಡಿಸುವ ತಾಯಿ, ದಪ್ಪ ಮೈಯವರು, ಬೀಡಿ ಹೊಗೆಸೊಪ್ಪಿನವರು ಮೊದಲು ಹೇಳಿಕೊಳ್ಳಬೇಕು.

ಅಪಾಯದ ಗುರುತು ಏನು ಅಂತ ಕೇಳಿದಾಗ ಡಾಕ್ಟರು "ಕಾಲುನೋವು" ಅಂದರು. ನಮಗೆ ನಗು ಬಂತು. ಹತ್ತು ಗಂಟೆ ಚೆಕಿಂಗ್ ಟೇಬಲ್ಲಿನ ಮುಂದೆ ನಿಲ್ಲುವವಳಿಗೆ ಕಾಲು ನೋಯದ ದಿನ ಯಾವುದು? ಅವರೂ ನಕ್ಕು ಬಿಡಿಸಿ ಹೇಳಿದರು. ಎರಡೂ ಕಾಲು ನೋಯುವುದು ದುಡಿಮೆಯ ನೋವು, ಮಲಗಿದರೆ ಇಳಿಯುತ್ತದೆ. ಒಂದೇ ಕಾಲು, ಮೀನಖಂಡದ ಹತ್ತಿರ, ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ಇನ್ನೊಂದು ಕಾಲಿಗಿಂತ ದಪ್ಪ ಕಂಡರೆ ಅದು ಬೇರೆ. ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಮಾತ್ರೆ ನಿಲ್ಲಿಸಿ ಆವತ್ತೇ ಆಸ್ಪತ್ರೆಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು, ಎಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಒಂದು ಕೈ ಬಾಯಿ ಸೋಲುವುದು, ಕಣ್ಣು ಹಳದಿಯಾಗುವುದು, ಇವಕ್ಕೂ ಹಾಗೇ. ನೀರು ಕುಡಿಯದೆ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತವರಿಗೆ ಹೆಪ್ಪುಗಟ್ಟುವ ಸಾಧ್ಯತೆ ಇನ್ನೂ ಹೆಚ್ಚು. ಕಾರ್ಖಾನೆಯ ಬೋರ್ಡಿನ ಮೇಲಿನ ಪೀಸಿನ ಲೆಕ್ಕ ನಮ್ಮ ರಕ್ತನಾಳದೊಳಕ್ಕೆ ಹೇಗೆ ಹೋಗುತ್ತದೆ ಅಂತ ನನಗೆ ಅರ್ಥವಾದದ್ದು ಅಲ್ಲಿ.

ಹಾಗಾದರೆ ಮದುವೆ ಮುಂಜಿಗೆ ತೆಗೆದುಕೊಳ್ಳಲೇಬಾರದೆ? ತೆಗೆದುಕೊಳ್ಳಬಹುದು, ಡಾಕ್ಟರನ್ನು ಕೇಳಿ. ದಿನ ಬರುವುದಕ್ಕೆ ಮೂರು ದಿನ ಮುಂಚೆ ಶುರುಮಾಡಬೇಕು, ಸಾಮಾನ್ಯವಾಗಿ ದಿನಕ್ಕೆ ಮೂರು, ಸಮಯ ತಪ್ಪದೆ. ಮುಟ್ಟು ಶುರುವಾದ ಮೇಲೆ ನಿಲ್ಲಿಸಲು ನುಂಗಿದರೆ ಪ್ರಯೋಜನವಿಲ್ಲ. ಎರಡು ವಾರಕ್ಕಿಂತ ಹೆಚ್ಚು ಎಳೆಯಬಾರದು. ತಿಂಗಳು ತಿಂಗಳೂ ಇದೇ ಅಭ್ಯಾಸ ಕೂಡದು. ಬಿಟ್ಟು ಒಂದು ವಾರವಾದರೂ ಮುಟ್ಟು ಬರಲಿಲ್ಲ ಅಂದರೆ ಬಸಿರಿನ ಪರೀಕ್ಷೆ ಮಾಡಿಸಬೇಕು. ಯಾಕೆಂದರೆ ಮುಟ್ಟು ಮುಂದೂಡಲು ಹೀಗೆ ತೆಗೆದುಕೊಳ್ಳುವ ಮಾತ್ರೆ ಬಸಿರು ತಡೆಯುತ್ತದೆ ಅಂತ ನಂಬಿ ಕೂರುವಂತಿಲ್ಲ.

ಇಲ್ಲೇ ನಮ್ಮವರಿಗೆ ದೊಡ್ಡ ಗೊಂದಲ. ಎಲ್ಲಾ ಮಾತ್ರೆಯೂ "ಆ ಮಾತ್ರೆ"ಯೇ. ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಬೇರೆ. ಅದರಲ್ಲಿ ಇಪ್ಪತ್ತೊಂದು ಹಾರ್ಮೋನಿನವು, ಏಳು ಕಬ್ಬಿಣಾಂಶದವು, ದಿನವೂ ತಪ್ಪದೆ ನುಂಗಿದರೆ ಬಸಿರು ನಿಲ್ಲದು. ಮಗುವಿಗೆ ಆರು ತಿಂಗಳಾಗುವ ತನಕ ಹಾಲೂಡಿಸುವ ತಾಯಿಗೆ ಅದು ಬೇಡ, ಮೂವತ್ತೈದು ದಾಟಿ ಹೊಗೆ ಸೇದುವವರಿಗೂ ಬಿ.ಪಿ. ಇದ್ದವರಿಗೂ ಬೇಡ. ಎಪ್ಪತ್ತೆರಡು ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಮತ್ತೊಂದು, ಅದು ತುರ್ತಿಗೇ ಹೊರತು ತಿಂಗಳ ಅಭ್ಯಾಸಕ್ಕಲ್ಲ. ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್ ಇನ್ನೊಂದು, 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಂದದ್ದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಟಿ.ಬಿ. ಮಾತ್ರೆಯ ಪ್ರಶ್ನೆ ಯಾಕೆ ಅಂದರೆ, ಅದರಲ್ಲಿರುವ ರಿಫಾಂಪಿಸಿನ್ ಅನ್ನುವ ಮದ್ದು ಈ ಹಾರ್ಮೋನುಗಳನ್ನು ಈಲಿಯಲ್ಲೇ ಬೇಗ ಕರಗಿಸಿಬಿಡುತ್ತದೆ. ಮಾಲಾ-ಎನ್ ನುಂಗುತ್ತಾ ಟಿ.ಬಿ. ಮಾತ್ರೆಯನ್ನೂ ನುಂಗುವವಳು ಬಸಿರು ನಿಲ್ಲಲ್ಲ ಅಂತ ನಂಬಿರುತ್ತಾಳೆ, ನಿಂತುಬಿಡುತ್ತದೆ. ಫಿಟ್ಸಿಗೆ ಕೊಡುವ ಕೆಲವು ಮಾತ್ರೆಗಳೂ ಹೀಗೇ. ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಶೆಡ್ಡುಗಳಲ್ಲಿ ಟಿ.ಬಿ. ಯಾರಿಗೆ ಹೊಸದು? ಟಿ.ಬಿ. ಮಾತ್ರೆ ಕೊಡುವವರೂ ಆಶಾ, ಮಾಲಾ-ಎನ್ ಕೊಡುವವರೂ ಆಶಾ. ಇಬ್ಬರ ರಿಜಿಸ್ಟರು ಒಂದನ್ನೊಂದು ನೋಡಿದರೆ ಸಾಕು.

ಮಾತ್ರೆಯ ಮೂಲ ಹುಡುಕುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿತು. 1951ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಒಂದು ಪ್ರಯೋಗಶಾಲೆಯಲ್ಲಿ ಲೂಯಿಸ್ ಮಿರಾಮೊಂಟೆಸ್ ಅನ್ನುವ ಇಪ್ಪತ್ತಾರು ವರ್ಷದ ವಿದ್ಯಾರ್ಥಿ ಇದನ್ನು ಮೊದಲು ತಯಾರಿಸಿದ. ಅಲ್ಲಿನ ಬಡ ರೈತರು ಕಾಡಿನಿಂದ ಅಗೆದು ತರುತ್ತಿದ್ದ ಒಂದು ಗೆಣಸೇ ಆ ಕಾಲದ ಹಾರ್ಮೋನು ತಯಾರಿಕೆಗೆ ಕಚ್ಚಾವಸ್ತು. ಕಾಡುಗೆಣಸು ಅಗೆದವರ ಹೆಸರು ಎಲ್ಲೂ ಇಲ್ಲ. ಇದೇ ಮದ್ದಿನ ಇನ್ನೊಂದು ರೂಪವನ್ನು, ನೆಟ್-ಎನ್ ಅನ್ನುವ ಇಂಜೆಕ್ಷನ್ ಆಗಿ, 1985ರಲ್ಲಿ ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿ ಬಡ ಹೆಂಗಸರಿಗೆ ಚುಚ್ಚಲು ಹೊರಟರು. ಇದು ಪ್ರಯೋಗ ಅಂತ ಆ ಹೆಂಗಸರಿಗೆ ಸರಿಯಾಗಿ ಹೇಳಿರಲಿಲ್ಲ. ಸ್ತ್ರೀಶಕ್ತಿ ಸಂಘಟನದ ಹೆಂಗಸರು ಹೋಗಿ ತಡೆದರು, 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮದ್ದು ಕೆಟ್ಟದ್ದು ಅನ್ನುವುದಷ್ಟೇ ಅವರ ವಾದವಾಗಿರಲಿಲ್ಲ. ನಮ್ಮನ್ನು ಕೇಳದೆ, ನಮಗೆ ಹೇಳದೆ ನಮ್ಮ ಮೈಗೆ ಚುಚ್ಚುವ ಹಾಗಿಲ್ಲ ಅನ್ನುವುದು.

ಇನ್ನು ನಮ್ಮ ಹಿರಿಯಣ್ಣನಿಗೆ ಒಂದು ಮಾತು. ಇದು ಆಸ್ಪತ್ರೆ ವಿಷಯ ಅಂದರಲ್ಲ. 1938ರ ನವೆಂಬರಿನಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಒಂದು ನಿರ್ಣಯ ಬಂತು. ಮಂಡಿಸಿದವರು ಪಿ. ಜೆ. ರೋಹಮ್, ಸ್ವತಂತ್ರ ಕಾರ್ಮಿಕ ಪಕ್ಷದವರು. ಅದರ ಹಿಂದೆ ಇದ್ದವರು ಬಾಬಾಸಾಹೇಬರು. ನಿರ್ಣಯ ಬಿದ್ದುಹೋಯಿತು. ಹೆಣ್ಣಿನ ಬಸಿರು, ಹೆಣ್ಣಿನ ಆರೋಗ್ಯ ರಾಜಕೀಯದ ವಿಷಯ ಅಂತ ಅವರಿಗೆ ಆವತ್ತೇ ತಿಳಿದಿತ್ತು. ಅದಕ್ಕೂ ಮುಂಚೆ, 1930ರಲ್ಲೇ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆದಿತ್ತು. ತೊಂಬತ್ತು ವರ್ಷ ದಾಟಿದ ಮೇಲೂ ಕರ್ನಾಟಕದಲ್ಲಿ ಆಗುತ್ತಿರುವುದು ಏನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರಿಗೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್ ಸೊನ್ನೆಯ ಹತ್ತಿರ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ಇರುವ ರಕ್ತವೇ ಕಡಿಮೆ, ಅದರಲ್ಲಿ ಇಪ್ಪತ್ತು ದಿನ ಹೋದರೆ ಉಳಿಯುವುದೇನು?

2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಒಪ್ಪಿತು, ಖಾಸಗಿ ಕಾರ್ಖಾನೆಗಳಿಗೂ ಸೇರಿಸಿ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಕ್ಕ ಕೇಳಿದ್ದು, "ರಜೆ ಬೇಡ ಅಂದೋಳಿಗೆ ಎರಡು ಸಲ ಕಕ್ಕಸಿಗೆ ಹೋಗೋಕೆ ಬಿಡ್ತಾರಾ ಕೇಳು." ಅಡಿಗೆ ಮಾಡುವ ಚಿಕ್ಕಮ್ಮ ಕೇಳಿದ್ದು, "ನಮ್ ಅಪಾರ್ಟ್‌ಮೆಂಟ್ನೋರು ಸರ್ಕಾರದೋರಾ?" ಇಬ್ಬರಿಗೂ ನನ್ನ ಬಳಿ ಉತ್ತರವಿರಲಿಲ್ಲ. ಮಾತ್ರೆ ನುಂಗುವ ಕಾರಣವೇ ಹೋಗುವಂತೆ ಮಾಡುವುದು ಸಂಘಟನೆಯ ಕೆಲಸ. ಅಲ್ಲಿಯ ತನಕ ನುಂಗುವವಳಿಗೆ ಏನು ನುಂಗುತ್ತಿದ್ದೇನೆ ಅಂತ ಗೊತ್ತಿರಬೇಕು. ಎರಡೂ ಒಟ್ಟಿಗೆ ನಡೆಯಲಿ.

ಹಳ್ಳಿ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ಒಂದು ಬೇಡಿಕೆ. ಎಸ್.ಎಸ್.ಎಲ್.ಸಿ. ಪರೀಕ್ಷೆ, ಶಾಲೆಯ ಪ್ರವಾಸ, ಹಾಸ್ಟೆಲ್ ಡೇ ಅಂತ ಹುಡುಗಿಯರೂ ಈ ಮಾತ್ರೆ ನುಂಗಲು ಶುರುಮಾಡಿದ್ದಾರೆ. ಅಮ್ಮನ ಪರ್ಸಿನಿಂದ ಎತ್ತಿಕೊಳ್ಳುತ್ತಾರೆ. ಬೈಯಬೇಡಿ. ಶಾಲೆಯ ಕಕ್ಕಸಿಗೆ ನೀರು, ಚಿಲಕ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಪಾಠ.

ನಮ್ಮ ಕ್ಲಿನಿಕ್ಕಿನ ಒಬ್ಬ ನರ್ಸಕ್ಕನನ್ನು ಕರೆದು ಅಂಬೇಡ್ಕರ್ ಭವನದಲ್ಲಿ ಒಂದು ಭಾನುವಾರ ಕೂತೆವು. ಇಪ್ಪತ್ತು ಜನ ಬರಬಹುದು ಅಂದುಕೊಂಡರೆ ಅರವತ್ತು ಬಂದರು. ಗಂಡಸರನ್ನು ಹೊರಗೆ ಕಳಿಸಲಿಲ್ಲ, ಕೂರುವವರು ಕೂರಲಿ ಅಂದೆವು. ಆರು ಜನ ಕೂತರು, ಅದರಲ್ಲಿ ನಮ್ಮ ಭಾವನೂ ಒಬ್ಬ. ಮೆಡಿಕಲ್ ಸ್ಟೋರಿನವನಿಗೆ ಪೂರ್ತಿ ಹಾಳೆ ಕೊಡು ಅಂತ ಕೇಳಬೇಕು, ಕತ್ತರಿಸಲೇಬೇಕಾದರೆ ಹೆಸರು, ತಾರೀಕು ಇರುವ ತುದಿ ನಮಗೆ ಬರಬೇಕು, ಡಾಕ್ಟರ ಚೀಟಿ ಬಿಸಾಡಬಾರದು, ಮುಟ್ಟಾದ ತಾರೀಕು ಕ್ಯಾಲೆಂಡರಿನಲ್ಲಿ ಗುರುತಿಡಬೇಕು ಅಂತ ಮಾತಾಯಿತು. ಕ್ಯಾಲೆಂಡರು ಗೋಡೆ ಮೇಲಿರುತ್ತೆ, ಮಾವ ನೋಡ್ತಾರೆ ಅಂತ ಒಬ್ಬಳು ಅಂದಳು. ಹಾಲಿನ ಲೆಕ್ಕ ಅಂತ ಹೇಳು ಅಂತ ಇನ್ನೊಬ್ಬಳು.

ಎಲ್ಲಾ ಮುಗಿದು ಟೀ ಕುಡಿಯುವಾಗ ನಮ್ಮಮ್ಮ ನರ್ಸಕ್ಕನ ಪಕ್ಕ ಹೋಗಿ ನಿಂತಳು. ಅಮ್ಮ ಟೆಕ್ ಪಾರ್ಕಿನಲ್ಲಿ ಕಂಟ್ರಾಕ್ಟ್ ಹೌಸ್‌ಕೀಪಿಂಗು. ಐವತ್ತು ದಾಟಿದೆ, ಮುಟ್ಟು ನಿಂತು ಎರಡು ವರ್ಷ. "ಯಾಕೋ ಎರಡು ತಿಂಗಳಿಂದ ಮತ್ತೆ ಸ್ವಲ್ಪ ಸ್ವಲ್ಪ ಕಾಣ್ತದಮ್ಮಾ. ವಯಸ್ಸು ತಿರುಗಿ ಬಂತೇನೋ ಅಂತ ಸುಮ್ನಿದ್ದೆ. ದೊಡ್ಡವಳ ಮಾತ್ರೆ ಮಿಕ್ಕಿದೆ, ತಗೊಳ್ಲಾ?" ನನಗೆ ಹೇಳಿರಲಿಲ್ಲ. ನರ್ಸಕ್ಕ ಟೀ ಲೋಟ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡು ಹೇಳಿದರು. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಅದನ್ನು ಮಾತ್ರೆಯಿಂದ ಮುಚ್ಚಬಾರದು, ತೋರಿಸಲೇಬೇಕು. ಬಹಳ ಸಲ ಸಣ್ಣ ಕಾರಣವೇ ಇರುತ್ತದೆ, ಕೆಲವು ಸಲ ಗರ್ಭಕೋಶದ ಪದರದಲ್ಲಿ ಕ್ಯಾನ್ಸರ್ ಶುರುವಾಗಿರುತ್ತದೆ, ಬೇಗ ಗೊತ್ತಾದರೆ ವಾಸಿಮಾಡುತ್ತಾರೆ. ಸ್ಕ್ಯಾನು ಮಾಡಿ, ಬೇಕಾದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಬುಧವಾರ ಅಮ್ಮನಿಗೆ ಸ್ಕ್ಯಾನಿಂಗಿಗೆ ಬರೆದಿದ್ದಾರೆ. ಕಂಟ್ರಾಕ್ಟರು ಇನ್ನೂ ರಜೆ ಕೊಟ್ಟಿಲ್ಲ. ಅವಳ ಪಾಳಿಗೆ ಚಿಕ್ಕಮ್ಮನ ಮಗಳು ಹೋಗುತ್ತಾಳೆ, ನಾನು ಅಮ್ಮನ ಜೊತೆ ಏಳಕ್ಕೆ ಸಾಲಿನಲ್ಲಿರುತ್ತೇನೆ.